ಟ್ಯಾಕ್ಸ್, ರೇಟ್, ಸೆಸ್, ಫೀ: ಠರಾವಿನಲ್ಲಿ ಬರೆಯುವ ಪದದ ಹೊಣೆ

ಮಕರ ಸಂಕ್ರಾಂತಿ ಸಮೀಪಿಸುತ್ತಿದ್ದಂತೆ ನೆಲಮಂಗಲ ತಾಲ್ಲೂಕಿನ ಶಿವಗಂಗೆಗೆ ಬರುವವರ ಸಂಖ್ಯೆ ಏರುತ್ತದೆ. ಗಂಗಾಧರೇಶ್ವರನ ಹಾಗೂ ಹೊನ್ನಾದೇವಿಯ ದರ್ಶನಕ್ಕೆ ಬರುವ ಭಕ್ತರಿದ್ದಾರೆ; ಒಳಕಲ್ಲು ತೀರ್ಥದಲ್ಲಿ ಕೈಯಿಳಿಸಿ ನೀರು ಸಿಕ್ಕಿತೇ ಎಂದು ನೋಡುವವರಿದ್ದಾರೆ; ಸುಮಾರು 1,368 ಮೀಟರ್ ಎತ್ತರದ ಬೆಟ್ಟವನ್ನು ಏರಲೆಂದೇ ಬೆಂಗಳೂರಿನಿಂದ ಬರುವ ಯುವಜನರೂ ಇದ್ದಾರೆ. ಇವರೆಲ್ಲರಿಗೂ ಕುಡಿಯುವ ನೀರು ಬೇಕು, ಶೌಚಾಲಯ ಬೇಕು, ರಾತ್ರಿ ಬೆಳಕು ಬೇಕು. ಅವರು ಹೋದ ಮೇಲೆ ಉಳಿಯುವ ಕಸವನ್ನು ಯಾರಾದರೂ ಎತ್ತಬೇಕು. ಈ ವೆಚ್ಚವನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಯು ಯಾತ್ರಾಸ್ಥಳವುಳ್ಳ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಸಭೆಯಲ್ಲೂ ಎದ್ದೇ ಏಳುತ್ತದೆ.

ಪಾಠದ ಅನುಕೂಲಕ್ಕಾಗಿ ಒಂದು ಠರಾವನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವುದೇ ಪಂಚಾಯಿತಿಯ ನಡವಳಿ ಪುಸ್ತಕದಿಂದ ತೆಗೆದುಕೊಂಡದ್ದಲ್ಲ. "ಜಾತ್ರೆಗೆ ಬರುವವರಿಂದ ತಲಾ 20 ರೂಪಾಯಿ ಎಂಟ್ರಿ ಟ್ಯಾಕ್ಸ್, ಪ್ರತಿ ಕಾರಿಗೆ 50 ರೂಪಾಯಿ ವೆಹಿಕಲ್ ಟ್ಯಾಕ್ಸ್, ಪ್ರತಿ ಅಂಗಡಿಗೆ 200 ರೂಪಾಯಿ ಸೆಸ್ ಹಾಗೂ ಕಸ ಎಸೆದವರಿಂದ 500 ರೂಪಾಯಿ ಫೈನ್ ವಸೂಲು ಮಾಡಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು." ಉದ್ದೇಶ ಒಳ್ಳೆಯದು, ಮೊತ್ತವೂ ದೊಡ್ಡದಲ್ಲ. ಆದರೆ ಒಂದೇ ವಾಕ್ಯದಲ್ಲಿ ನಾಲ್ಕು ಇಂಗ್ಲಿಷ್ ಪದಗಳು ಬಂದಿದ್ದು, ನಾಲ್ಕೂ ತಪ್ಪಾದ ಜಾಗದಲ್ಲಿ ಕುಳಿತಿವೆ. ಇಂತಹ ಠರಾವಿನ ಮೇಲೆ ವಸೂಲಾದ ಹಣಕ್ಕೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರಬಹುದು. ಯಾರಾದರೂ ನ್ಯಾಯಾಲಯದ ಮೆಟ್ಟಿಲೇರಿದರೆ ಹಣವನ್ನು ಹಿಂದಿರುಗಿಸುವ ಪ್ರಸಂಗವೂ ಒದಗಬಹುದು. ಸಹಿ ಮಾಡಿದ ಅಧ್ಯಕ್ಷರೂ ಕೈಯೆತ್ತಿದ ಸದಸ್ಯರೂ ಆಗ ಉತ್ತರ ಹೇಳಬೇಕಾಗುತ್ತದೆ.

ಜನಸಾಮಾನ್ಯರ ಮಾತಿನಲ್ಲಿ ಇವೆಲ್ಲವೂ "ಪಂಚಾಯ್ತಿಗೆ ಕಟ್ಟುವ ದುಡ್ಡು" ಅಷ್ಟೇ. ಮಾತಿನಲ್ಲಿ ಅದು ತಪ್ಪಲ್ಲ. ಕಾನೂನಿನಲ್ಲಿ ಮಾತ್ರ ಪ್ರತಿಯೊಂದು ಪದದ ಹಿಂದೆ ಬೇರೆ ಬೇರೆ ಅಧಿಕಾರವಿದೆ, ಹಣವು ಹೋಗಬೇಕಾದ ದಾರಿಯೂ ಬೇರೆಯಾಗಿದೆ.

ಕನ್ನಡದ ಪದಗಳೂ ಗೊಂದಲಕ್ಕೆ ಕಾರಣ

ತಪ್ಪೆಲ್ಲವನ್ನೂ ಇಂಗ್ಲಿಷಿನ ಮೇಲೆ ಹೊರಿಸುವುದು ಸರಿಯಲ್ಲ. ತೆರಿಗೆ, ಕರ, ಕಂದಾಯ, ಸುಂಕ, ಶುಲ್ಕ, ದರ, ಉಪಕರ ಎಂದು ಕನ್ನಡದಲ್ಲಿಯೂ ಪದಗಳು ಹೇರಳವಾಗಿವೆ. ಆದರೆ ಯಾವುದಕ್ಕೆ ಯಾವುದು ಎಂಬ ಖಚಿತವಾದ ಗೆರೆ ಬಳಕೆಯಲ್ಲಿ ಉಳಿದಿಲ್ಲ. ಮನೆಯ ತೆರಿಗೆಯನ್ನು ಹಳ್ಳಿಯ ಜನ ಮನೆ ಕಂದಾಯ ಎನ್ನುತ್ತಾರೆ. ಕಂದಾಯ ಎಂಬುದು ಜಮೀನಿಗೆ ಸರ್ಕಾರ ವಿಧಿಸುವ ಭೂಕಂದಾಯದ ಹೆಸರೂ ಹೌದು. ತೆರಿಗೆ ವಸೂಲು ಮಾಡುವ ಸಿಬ್ಬಂದಿ ಕರ ವಸೂಲಿಗಾರ ಎನಿಸುತ್ತಾರೆ. ಅವರು ಕೊಡುವ ಬೇಡಿಕೆ ಚೀಟಿಯಲ್ಲಿ ಮಾತ್ರ ತೆರಿಗೆಯ ಸಾಲು ಬೇರೆ, ಆರೋಗ್ಯ ಕರ, ಗ್ರಂಥಾಲಯ ಕರ ಎಂಬ ಸಾಲುಗಳು ಬೇರೆ. ಅಲ್ಲಿ ಕರ ಎಂದರೆ ಟ್ಯಾಕ್ಸ್ ಅಲ್ಲ, ಸೆಸ್.

ಇನ್ನೊಂದು ಸ್ವಾರಸ್ಯವಿದೆ. ಸುಂಕ ಮತ್ತು ಶುಲ್ಕ ಎರಡೂ ಮೂಲದಲ್ಲಿ ಒಂದೇ ಪದ: ಸಂಸ್ಕೃತದ ಶುಲ್ಕವೇ ಪ್ರಾಕೃತದ ಮೂಲಕ ಹಾದು ಕನ್ನಡದಲ್ಲಿ ಸುಂಕವಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯ ಸುಂಕ ಬಲವಂತದ ವಸೂಲಿ. ಇಂದಿನ ಆಡಳಿತ ಕನ್ನಡದಲ್ಲಿ ಶುಲ್ಕ ಎಂದರೆ ಸೇವೆಗೆ ಪ್ರತಿಯಾಗಿ ಕೊಡುವ ಹಣ. ಹಾಗಿದ್ದರೂ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದವರು ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಎಂಬ ಎರಡನ್ನೂ ಕಟ್ಟುತ್ತಾರೆ. ಕನ್ನಡದಲ್ಲಿ ಎರಡೂ ಶುಲ್ಕವೇ. ಇಂಗ್ಲಿಷಿನಲ್ಲಿ ಮೊದಲನೆಯದು ಡ್ಯೂಟಿ, ಅಂದರೆ ತೆರಿಗೆಯ ಜಾತಿಗೆ ಸೇರಿದ್ದು. ಎರಡನೆಯದು ಫೀ, ಅಂದರೆ ದಾಖಲೆಯನ್ನು ನೋಂದಾಯಿಸುವ ಕೆಲಸಕ್ಕೆ ಪ್ರತಿಫಲ. ಆದಕಾರಣ ಕನ್ನಡದ ಹೆಸರನ್ನು ನೋಡಿದಾಕ್ಷಣ ಅರ್ಥವನ್ನು ನಿರ್ಧರಿಸಲಾಗದು. ಹಣ ಯಾತಕ್ಕೆ, ಯಾರಿಗೆ ಎಂಬುದನ್ನು ಕೇಳಿಕೊಳ್ಳಬೇಕು.

ಸಂವಿಧಾನವೂ ಈ ಪದಗಳನ್ನು ಒಂದರ ಬದಲು ಮತ್ತೊಂದಾಗಿ ಬಳಸಿಲ್ಲ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು 265ನೇ ಅನುಚ್ಛೇದ ಹೇಳುತ್ತದೆ. 73ನೇ ತಿದ್ದುಪಡಿಯಿಂದ ಸೇರ್ಪಡೆಯಾದ 243ಎಚ್ ಅನುಚ್ಛೇದವು ಪಂಚಾಯಿತಿಗಳಿಗೆ ತೆರಿಗೆ, ಸುಂಕ, ಟೋಲ್ ಮತ್ತು ಶುಲ್ಕಗಳನ್ನು ವಿಧಿಸುವ ಅಧಿಕಾರವನ್ನು ರಾಜ್ಯದ ಶಾಸಕಾಂಗ ಕೊಡಬಹುದು ಎನ್ನುವಾಗ ನಾಲ್ಕು ಪದಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ಅಧಿಕಾರ ಬರುವುದು ಸಭೆಯ ಸರ್ವಾನುಮತದಿಂದಲ್ಲ, ಶಾಸನದಿಂದ. ಕರ್ನಾಟಕದಲ್ಲಿ ಆ ಶಾಸನವು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993. ಅದರ 199ನೇ ಪ್ರಕರಣವನ್ನು ಸದಸ್ಯರು ಒಮ್ಮೆಯಾದರೂ ತಾವೇ ಓದಿಕೊಳ್ಳುವುದು ಉಚಿತ.

ಶಿರೂರು ಮಠದ ಪ್ರಕರಣ

ಟ್ಯಾಕ್ಸ್ ಮತ್ತು ಫೀ ನಡುವಿನ ಗೆರೆಯನ್ನು ಸರ್ವೋಚ್ಚ ನ್ಯಾಯಾಲಯವು ಎಳೆದದ್ದು ಕನ್ನಡನಾಡಿನ ಒಂದು ಮಠದ ಪ್ರಕರಣದಲ್ಲಿ ಎಂಬುದು ಬಹಳ ಜನರಿಗೆ ತಿಳಿಯದ ಸಂಗತಿ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠವು ಆಗ ಮದ್ರಾಸ್ ರಾಜ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮದ್ರಾಸ್ ಶಾಸಕಾಂಗವು 1951ರಲ್ಲಿ ಹಿಂದೂ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮವನ್ನು ಜಾರಿಗೆ ತಂದಿತು. ಅದರ 76ನೇ ಪ್ರಕರಣದಂತೆ ಪ್ರತಿಯೊಂದು ಧಾರ್ಮಿಕ ಸಂಸ್ಥೆಯೂ ಸರ್ಕಾರ ಮತ್ತು ಅದರ ಅಧಿಕಾರಿಗಳು ಸಲ್ಲಿಸುವ ಸೇವೆಗಾಗಿ ತನ್ನ ವರಮಾನದ ಶೇ. 5ನ್ನು ಮೀರದ ವಂತಿಗೆಯನ್ನು ಪ್ರತಿ ವರ್ಷ ಕೊಡಬೇಕಾಗಿತ್ತು. ಮಠದ ಸ್ವಾಮೀಜಿಯವರು ಈ ಕಾನೂನನ್ನು ಪ್ರಶ್ನಿಸಿದರು. ಪ್ರಕರಣವು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠದ ಮುಂದೆ ಬಂದು, 1954ರ ಮಾರ್ಚ್ 16ರಂದು ತೀರ್ಪು ಹೊರಬಿತ್ತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು.

ಸರ್ಕಾರದ ವಾದ ಸರಳವಾಗಿತ್ತು: ಇದು ತೆರಿಗೆಯಲ್ಲ, ಸೇವೆಗೆ ಪಡೆಯುವ ಶುಲ್ಕ. ಕಾನೂನಿನಲ್ಲಿಯೇ ಸೇವೆ ಎಂಬ ಪದವಿದೆಯಲ್ಲ! ನ್ಯಾಯಾಲಯವು ಪದವನ್ನು ನೋಡಿ ತೃಪ್ತವಾಗಲಿಲ್ಲ, ಹಣದ ಜಾಡನ್ನು ಹಿಡಿಯಿತು. ವಸೂಲಾದ ಹಣವು ರಾಜ್ಯದ ಸಂಚಿತ ನಿಧಿಗೆ ಹೋಗುತ್ತಿತ್ತು. ಅದನ್ನು ಸೇವೆಗೆಂದು ಪ್ರತ್ಯೇಕವಾಗಿ ತೆಗೆದಿರಿಸುವ ಏರ್ಪಾಡು ಇರಲಿಲ್ಲ. ಸೇವೆಗೆ ತಗಲುವ ಖರ್ಚಿಗೂ ವಸೂಲು ಮಾಡುವ ಮೊತ್ತಕ್ಕೂ ಹೊಂದಾಣಿಕೆ ಇರಲಿಲ್ಲ. ಆದುದರಿಂದ ಅದು ತೆರಿಗೆಯೇ ಆಗಿದ್ದು, ಅಂತಹ ತೆರಿಗೆಯನ್ನು ವಿಧಿಸುವ ಅಧಿಕಾರ ರಾಜ್ಯ ಶಾಸಕಾಂಗಕ್ಕೆ ಇಲ್ಲ ಎಂದು ತೀರ್ಮಾನವಾಯಿತು. 76ನೇ ಪ್ರಕರಣ ಬಿದ್ದುಹೋಯಿತು.

ಈ ತೀರ್ಪಿನಿಂದ ಹೊರಟ ವ್ಯತ್ಯಾಸವನ್ನು ಹೀಗೆ ಹೇಳಬಹುದು. ತೆರಿಗೆಯು ಸಾರ್ವಜನಿಕ ಉದ್ದೇಶಕ್ಕಾಗಿ ಕಾನೂನಿನ ಬಲದಿಂದ ಪಡೆಯುವ ಹಣ. ಕಟ್ಟಿದವನು ತನಗೇನು ಸಿಕ್ಕಿತು ಎಂದು ಲೆಕ್ಕ ಕೇಳುವಂತಿಲ್ಲ. ತನ್ನ ಬೀದಿಗೆ ದೀಪ ಬಂದಿಲ್ಲ ಎಂಬ ಕಾರಣಕ್ಕೆ ಮನೆ ತೆರಿಗೆಯನ್ನು ನಿಲ್ಲಿಸಲಾಗದು. ಶುಲ್ಕ ಹಾಗಲ್ಲ. ಒಂದು ಗೊತ್ತಾದ ಸೇವೆ ಅಥವಾ ಸೌಲಭ್ಯಕ್ಕೆ, ಅದನ್ನು ಪಡೆಯುವವನು ಕೊಡುವ ಹಣವದು. ಅಲ್ಲಿ ಲೆಕ್ಕ ಕೇಳುವ ಹಕ್ಕಿದೆ. ಮುಂದಿನ ವರ್ಷಗಳಲ್ಲಿ ನ್ಯಾಯಾಲಯವು ಈ ಗೆರೆಯನ್ನು ತುಸು ಸಡಿಲಿಸಿದೆ. ಆಂಧ್ರಪ್ರದೇಶದ ಮಾರುಕಟ್ಟೆ ಶುಲ್ಕಕ್ಕೆ ಸಂಬಂಧಿಸಿದ 1983ರ ಶ್ರೀನಿವಾಸ ಜನರಲ್ ಟ್ರೇಡರ್ಸ್ ಪ್ರಕರಣದಲ್ಲಿ, ಕೊಟ್ಟ ಪ್ರತಿ ರೂಪಾಯಿಗೂ ತೂಕ ಹಾಕಿದಂತೆ ಸೇವೆ ಸಿಗಬೇಕಾಗಿಲ್ಲ, ಒಟ್ಟಾರೆಯಾದ ಸಂಬಂಧವಿದ್ದರೆ ಸಾಕು ಎಂದು ಹೇಳಲಾಯಿತು. ಸಂಬಂಧವೇ ಬೇಡ ಎಂದು ಮಾತ್ರ ಹೇಳಲಿಲ್ಲ.

ಸದಸ್ಯರು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಟ್ಯಾಕ್ಸ್ ಎಂಬ ಪದವನ್ನು ಹೊಡೆದುಹಾಕಿ ಫೀ ಎಂದು ಬರೆದ ಮಾತ್ರಕ್ಕೆ ಠರಾವು ಸರಿಯಾಗುವುದಿಲ್ಲ. ಮದ್ರಾಸ್ ಸರ್ಕಾರ ಮಾಡಿದ್ದು ಅದನ್ನೇ.

ಯಾತ್ರಿಕರ ಶುಲ್ಕಕ್ಕೆ ಇರುವ ಷರತ್ತು

ಈಗ ಬೆಟ್ಟದ ಬುಡಕ್ಕೆ ಹಿಂದಿರುಗಬಹುದು. ಕಲ್ಪಿತ ಠರಾವಿನ ಮೊದಲ ಪದ ಎಂಟ್ರಿ ಟ್ಯಾಕ್ಸ್. ಈ ಹೆಸರಿನ ತೆರಿಗೆ ಕರ್ನಾಟಕದಲ್ಲಿ ನಿಜವಾಗಿಯೂ ಇತ್ತು, ಆದರೆ ಮನುಷ್ಯರ ಮೇಲಲ್ಲ. ಪಟ್ಟಣಗಳಲ್ಲಿ ಪಡೆಯುತ್ತಿದ್ದ ಆಕ್ಟ್ರಾಯ್ ರದ್ದಾದಾಗ ಅದಕ್ಕೆ ಬದಲಾಗಿ, ಸ್ಥಳೀಯ ಪ್ರದೇಶದೊಳಗೆ ಬರುವ ಸರಕುಗಳ ಮೇಲೆ ವಿಧಿಸಲು 1979ರ ಅಧಿನಿಯಮವು ತಂದ ತೆರಿಗೆಯದು. ಅದಕ್ಕೆ ಆಧಾರವಾಗಿದ್ದ ರಾಜ್ಯ ಪಟ್ಟಿಯ 52ನೇ ನಮೂದನ್ನು 2016ರ 101ನೇ ಸಂವಿಧಾನ ತಿದ್ದುಪಡಿಯು ತೆಗೆದುಹಾಕಿತು. ಜಿಎಸ್‌ಟಿ ಅದನ್ನು ನುಂಗಿಕೊಂಡಿತು. ಭಕ್ತರಿಂದ ಎಂಟ್ರಿ ಟ್ಯಾಕ್ಸ್ ಪಡೆಯುತ್ತೇವೆ ಎಂದು ಬರೆದ ಪಂಚಾಯಿತಿಯು ತನಗೆ ಎಂದೂ ಇಲ್ಲದಿದ್ದ, ಈಗ ರಾಜ್ಯಕ್ಕೂ ಇಲ್ಲದ ಅಧಿಕಾರವನ್ನು ಚಲಾಯಿಸಿದಂತಾಗುತ್ತದೆ.

ಹಾಗೆಂದು ಜಾತ್ರೆಯಲ್ಲಿ ಪಂಚಾಯಿತಿ ಏನನ್ನೂ ಪಡೆಯಬಾರದೆಂದಲ್ಲ. 199ನೇ ಪ್ರಕರಣದಲ್ಲಿ ಜಾತ್ರೆ, ಉತ್ಸವ ಮೊದಲಾದವುಗಳಿಗೆ ಬರುವವರ ಮೇಲೆ ಯಾತ್ರಿಕರ ಶುಲ್ಕ ವಿಧಿಸಲು ಸ್ಪಷ್ಟ ಅವಕಾಶವಿದೆ. ಅಲ್ಲಿ ಬಳಸಿರುವ ಇಂಗ್ಲಿಷ್ ಪದ ಪಿಲ್‌ಗ್ರಿಮ್ ಫೀ. ಅದರ ಜೊತೆಯಲ್ಲೇ ಷರತ್ತೂ ಇದೆ: ನೀರು ಸರಬರಾಜು, ಆರೋಗ್ಯ ಮತ್ತು ನೈರ್ಮಲ್ಯಕ್ಕೆ ಅಗತ್ಯವಾದ ಏರ್ಪಾಡುಗಳನ್ನು ಗ್ರಾಮ ಪಂಚಾಯಿತಿಯು ಮಾಡಿರಬೇಕು. ಶಿರೂರು ಮಠದ ತೀರ್ಪಿನ ತಿರುಳು ಈ ಒಂದು ಸಾಲಿನಲ್ಲಿ ಅಡಗಿದೆ. ನೀರಿನ ಟ್ಯಾಂಕರ್ ನಿಲ್ಲಿಸದೆ, ಶೌಚಾಲಯ ತೆರೆಯದೆ, ಪೌರಕಾರ್ಮಿಕರನ್ನು ನೇಮಿಸದೆ ರಸೀದಿ ಪುಸ್ತಕ ಹಿಡಿದು ಕುಳಿತರೆ ಆ ವಸೂಲಿ ಶುಲ್ಕವೆನಿಸುವುದಿಲ್ಲ.

ಷರತ್ತಿನ ಇತಿಮಿತಿಯನ್ನೂ ನೋಡಬೇಕು. ಅಧಿನಿಯಮ ಹೇಳುವುದು ಜಾತ್ರೆ, ಉತ್ಸವಗಳಿಗೆ ಬರುವವರ ವಿಷಯವನ್ನು. ಸಾಮಾನ್ಯ ಭಾನುವಾರ ಬೆಟ್ಟ ಹತ್ತಲು ಬಂದ ನಾಲ್ವರು ವಿದ್ಯಾರ್ಥಿಗಳಿಂದ ವರ್ಷವಿಡೀ ಇದೇ ಹೆಸರಿನಲ್ಲಿ ಹಣ ಪಡೆದರೆ ಪದವನ್ನು ಎಳೆದು ಹಿಗ್ಗಿಸಿದಂತಾಗುತ್ತದೆ. ತನ್ನ ಹೊಲಕ್ಕೋ ನೆಂಟರ ಮನೆಗೋ ಹೋಗುವ ಊರಿನವರನ್ನು ಸಾರ್ವಜನಿಕ ರಸ್ತೆಯಲ್ಲಿ ಹಗ್ಗ ಕಟ್ಟಿ ತಡೆಯುವುದಂತೂ ಯಾವ ಪದದಡಿಯಲ್ಲೂ ಸಲ್ಲದು. ಇನ್ನು, ದೇವಾಲಯದ ಒಳಗಿನ ಅರ್ಚನೆ, ಸೇವೆಗಳ ಶುಲ್ಕವು ದೇವಾಲಯದ್ದು. ಮುಜರಾಯಿ ದೇವಾಲಯವಾದಲ್ಲಿ ಅದರ ಲೆಕ್ಕ ಆ ಇಲಾಖೆಯ ಮೇಲ್ವಿಚಾರಣೆಗೆ ಒಳಪಟ್ಟದ್ದು. ಎರಡಕ್ಕೂ ಒಂದೇ ಕೌಂಟರ್, ಒಂದೇ ರಸೀದಿ ಇಡುವ ಸುಲಭೋಪಾಯದಿಂದ ದೂರವಿರುವುದು ಲೇಸು.

ಎರಡನೆಯ ಪದ ವೆಹಿಕಲ್ ಟ್ಯಾಕ್ಸ್. ಮೋಟಾರು ವಾಹನಗಳ ಮೇಲಿನ ತೆರಿಗೆ ರಾಜ್ಯ ಸರ್ಕಾರದ್ದು; 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮದಂತೆ ಸಾರಿಗೆ ಇಲಾಖೆ ಅದನ್ನು ಪಡೆಯುತ್ತದೆ. ಪಂಚಾಯಿತಿಗೆ ಇರುವ ಅಧಿಕಾರ ಮೋಟಾರು ವಾಹನಗಳನ್ನು ಬಿಟ್ಟು ಉಳಿದ ವಾಹನಗಳ ಮೇಲೆ. ಎತ್ತಿನ ಗಾಡಿಗೆ ತೆರಿಗೆ ಹಾಕಬಹುದು, ಕಾರಿಗೆ ಆಗದು! ಆದರೆ ಪ್ರಯಾಣಿಕರಿಗೆ ಸಾಕಷ್ಟು ಸೌಲಭ್ಯ ಕಲ್ಪಿಸಿದ್ದಲ್ಲಿ ಬಸ್ಸು, ಟ್ಯಾಕ್ಸಿ ಮತ್ತು ಆಟೋ ನಿಲ್ದಾಣಗಳಲ್ಲಿ ಶುಲ್ಕ ಪಡೆಯಲು ಅದೇ ಪ್ರಕರಣ ಅವಕಾಶ ಕೊಡುತ್ತದೆ. ಕಾರುಗಳ ನಿಲುಗಡೆಗೆ ಪಂಚಾಯಿತಿಯು ತನ್ನ ಸ್ವಂತ ಜಾಗವನ್ನು ಸಮತಟ್ಟು ಮಾಡಿ, ಕಾವಲಿಟ್ಟು ಒದಗಿಸಿದರೆ ಅದಕ್ಕೆ ಪಡೆಯುವುದು ನಿಲುಗಡೆ ಶುಲ್ಕ. ಜಾಗವು ದೇವಾಲಯದ್ದೋ ಅರಣ್ಯ ಇಲಾಖೆಯದ್ದೋ ಆಗಿದ್ದರೆ ಆ ಶುಲ್ಕವೂ ಪಂಚಾಯಿತಿಯದಲ್ಲ. ಪ್ರಾಸಂಗಿಕವಾಗಿ ಒಂದು ಮಾತು: ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ಎಲ್ಲರೂ ಟೋಲ್ ಎಂದು ಕರೆಯುವ ವಸೂಲಿಗೆ ಕೇಂದ್ರದ 2008ರ ನಿಯಮಗಳಲ್ಲಿ ಇರುವ ಹೆಸರು ಫೀ. ರಸ್ತೆಯ ಬಳಕೆಗೆ ಪ್ರತಿಯಾಗಿ ಪಡೆಯುವ ಹಣ ಎಂಬುದೇ ಅದಕ್ಕೆ ಕಾರಣ.

ಅಂಗಡಿಗಳಿಂದ ಪಡೆಯುವ 200 ರೂಪಾಯಿ ಸೆಸ್ ಅಲ್ಲ, ಮಾರುಕಟ್ಟೆ ಶುಲ್ಕ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಸೇರುವಂತಹ ದನಗಳ ಜಾತ್ರೆಗಳಲ್ಲಿ ಮಾರಾಟಕ್ಕೆ ಬಂದ ರಾಸುಗಳ ನೋಂದಣಿಗೂ 199ನೇ ಪ್ರಕರಣದಲ್ಲಿ ಪ್ರತ್ಯೇಕ ಶುಲ್ಕವಿದೆ. ಸಂತೆಯ ಸುಂಕ ಎಂದು ರೂಢಿಯಲ್ಲಿ ಕರೆಯುವುದು ಇದನ್ನೇ. ಈ ಶುಲ್ಕವನ್ನು ವಸೂಲು ಮಾಡುವ ಹಕ್ಕನ್ನು ಹರಾಜು ಹಾಕಿದಾಗ ಹರಾಜುದಾರನು ಪಂಚಾಯಿತಿಗೆ ಕಟ್ಟುವ ಮೊತ್ತವು ತೆರಿಗೆಯೂ ಅಲ್ಲ, ಶುಲ್ಕವೂ ಅಲ್ಲ, ಕರಾರಿನ ಹಣ. ಹರಾಜುದಾರನಿಗೆ ನಷ್ಟವಾಯಿತೆಂದು ಅವನು ವರ್ತಕರಿಂದ ನಿಗದಿತ ದರಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ದರದ ಫಲಕವನ್ನು ಸಂತೆಯ ಮೈದಾನದಲ್ಲಿ ಕನ್ನಡದಲ್ಲಿ ಹಾಕಿಸಿದರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಸೆಸ್ ಮತ್ತು ರೇಟ್

ಸೆಸ್ ಎಂದರೆ ಒಂದು ಗೊತ್ತಾದ ಉದ್ದೇಶಕ್ಕೆ, ಸಾಮಾನ್ಯವಾಗಿ ಬೇರೊಂದು ತೆರಿಗೆಯ ಮೇಲೆ ಸೇರಿಸಿ ಪಡೆಯುವ ಹಣ. ಉಪಕರ ಎಂಬ ಕನ್ನಡ ಪದ ಅರ್ಥವತ್ತಾಗಿದೆ. ಮನೆ ತೆರಿಗೆಯ ಮೇಲೆ 1962ರ ಅಧಿನಿಯಮದಂತೆ ಆರೋಗ್ಯ ಕರ ಶೇ. 15, 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ಗ್ರಂಥಾಲಯ ಕರ ಶೇ. 6, 1975ರ ಭಿಕ್ಷಾಟನೆ ನಿಷೇಧ ಅಧಿನಿಯಮದಂತೆ ಭಿಕ್ಷುಕರ ಕರ ಶೇ. 3 ಸೇರುತ್ತವೆ. ಒಂದು ಮನೆಯ ತೆರಿಗೆ 1,000 ರೂಪಾಯಿಯಾದರೆ ಈ ಮೂರು ಕರಗಳೇ 150, 60 ಮತ್ತು 30, ಒಟ್ಟು 240 ರೂಪಾಯಿ. ಮನೆಯವರು ಈ ಲೆಕ್ಕಕ್ಕೆ 1,240 ರೂಪಾಯಿ ಕಟ್ಟಿದರೂ ಅದರಲ್ಲಿ ಪಂಚಾಯಿತಿಯ ತೆರಿಗೆ 1,000 ಮಾತ್ರ. ಉಳಿದದ್ದು ಗ್ರಂಥಾಲಯಕ್ಕೆ, ನಿರಾಶ್ರಿತರ ಪುನರ್ವಸತಿಗೆ, ಆರೋಗ್ಯಕ್ಕೆ ಸೇರಬೇಕಾದ ಹಣ. ಪಂಚಾಯಿತಿ ಅದನ್ನು ಪಡೆದು ತಲುಪಿಸುವ ಕೈ ಅಷ್ಟೆ. ವರ್ಷಾಂತ್ಯದಲ್ಲಿ ಮೋಟಾರು ರಿಪೇರಿಗೋ ವಿದ್ಯುತ್ ಬಿಲ್ಲಿಗೋ ಸೆಸ್ ಹಣವನ್ನು ಬಳಸಿಕೊಂಡರೆ ಅದು ಪಾವತಿಸಬೇಕಾದ ಬಾಕಿಯಾಗಿ ಪುಸ್ತಕದಲ್ಲಿ ಉಳಿಯುತ್ತದೆ. "ನಮ್ಮ ಪಂಚಾಯಿತಿಯ ವಸೂಲಾತಿ ಇಷ್ಟು ಲಕ್ಷ" ಎಂದು ಸಭೆಯಲ್ಲಿ ಮಂಡನೆಯಾದಾಗ, ಅದರಲ್ಲಿ ಸೆಸ್ ಎಷ್ಟು ಎಂದು ಕೇಳುವುದು ಸದಸ್ಯರ ಹಕ್ಕು.

ಸೆಸ್ ಎಂಬ ಹೆಸರು ಕೂಡ ತನ್ನಷ್ಟಕ್ಕೆ ಏನನ್ನೂ ನಿರ್ಧರಿಸುವುದಿಲ್ಲ. ಒಡಿಶಾದ ಗಣಿ ಪ್ರದೇಶಗಳ ಅಭಿವೃದ್ಧಿ ನಿಧಿಗಾಗಿ 1952ರ ಕಾನೂನಿನಂತೆ ವಿಧಿಸಿದ್ದ ಸೆಸ್ ಅನ್ನು ಹಿಂಗಿರ್–ರಾಂಪುರ ಕಲ್ಲಿದ್ದಲು ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಶೀಲಿಸಿ, ಅದು ಸ್ವಭಾವದಲ್ಲಿ ಫೀ ಎಂದು ಎತ್ತಿಹಿಡಿಯಿತು. ಹಣವು ಪ್ರತ್ಯೇಕ ನಿಧಿಗೆ ಹೋಗಿ, ಅದೇ ಗಣಿ ಪ್ರದೇಶದ ರಸ್ತೆ, ನೀರು ಮುಂತಾದವುಗಳಿಗೆ ಬಳಕೆಯಾಗುವಂತೆ ಕಾನೂನು ರಚಿತವಾಗಿತ್ತು. ಶಿರೂರು ಮಠದ ವಂತಿಗೆ ಸೋತದ್ದು, ಒಡಿಶಾದ ಸೆಸ್ ಗೆದ್ದದ್ದು ಒಂದೇ ಕಾರಣಕ್ಕೆ: ಹಣ ಎಲ್ಲಿಗೆ ಹೋಗುತ್ತಿತ್ತು ಎಂಬುದು.

ರೇಟ್ ಪದದ ಕಥೆ ಇನ್ನೂ ವಿಚಿತ್ರ. ಕನ್ನಡಿಗರಿಗೆ ರೇಟು ಎಂದರೆ ಬೆಲೆ: ಟೊಮೆಟೊ ರೇಟು, ಸೈಟಿನ ರೇಟು. ಸ್ಥಳೀಯ ಆಡಳಿತದ ಇಂಗ್ಲಿಷಿನಲ್ಲಿ ಅದು ಕಟ್ಟಡ, ನಿವೇಶನಗಳ ಮೇಲಿನ ಒಂದು ಬಗೆಯ ತೆರಿಗೆ. ಅಹಮದಾಬಾದ್ ನಗರಾಡಳಿತವು ಖಾಲಿ ನಿವೇಶನಗಳ ಮೇಲೆ ಅವುಗಳ ಮಾರುಕಟ್ಟೆ ಬೆಲೆಯ ಆಧಾರದಲ್ಲಿ ರೇಟ್ ವಿಧಿಸಿದಾಗ 1963ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ರೇಟ್ ಎಂಬ ಪದಕ್ಕೆ ಕಾನೂನಿನ ಇತಿಹಾಸದಲ್ಲಿ ವಾರ್ಷಿಕ ಬಾಡಿಗೆ ಮೌಲ್ಯದ ಮೇಲಿನ ತೆರಿಗೆ ಎಂಬ ಅರ್ಥವೇ ಬೆಳೆದುಬಂದಿದೆ. ಶಾಸನವು ಆ ಪದವನ್ನು ಬಳಸಿರುವಾಗ ಬಂಡವಾಳ ಮೌಲ್ಯದ ಮೇಲೆ ವಿಧಿಸಲಾಗದು ಎಂಬುದು ತೀರ್ಪು. ಒಂದೇ ಪದದ ಅರ್ಥ ನಗರವೊಂದರ ತೆರಿಗೆ ಪಟ್ಟಿಯನ್ನು ಉರುಳಿಸಿತು. ಕರ್ನಾಟಕದ ಅಧಿನಿಯಮವು ಕಟ್ಟಡ ಹಾಗೂ ಕೃಷಿಯೇತರ ಜಮೀನುಗಳಿಗೆ ಟ್ಯಾಕ್ಸ್ ಎಂದೇ ಹೇಳಿರುವುದರಿಂದ ಇಲ್ಲಿ ಆ ತೊಡಕಿಲ್ಲ. ರೇಟ್ ಉಳಿದುಕೊಂಡಿರುವುದು ನೀರಿಗೆ. ನಲ್ಲಿ ಹಾಕಿಸಿಕೊಳ್ಳುವಾಗ ಒಮ್ಮೆ ಕಟ್ಟುವುದು ಸಂಪರ್ಕ ಶುಲ್ಕ, ಸಂಪರ್ಕ ಬಿಟ್ಟಾಗ ಹಿಂದಿರುಗಬೇಕಾದದ್ದು ಠೇವಣಿ, ನೀರು ಸರಬರಾಜಿಗೆ ಕಾಲಕಾಲಕ್ಕೆ ಕಟ್ಟುವುದು ನೀರಿನ ದರ. ಠೇವಣಿಯನ್ನು ಆದಾಯವೆಂದು ಬರೆದುಕೊಳ್ಳುವುದು ಬಹಳ ಕಡೆ ಕಾಣುವ ತಪ್ಪು; ಅದು ಪಂಚಾಯಿತಿಯ ಬಳಿ ಇರುವ ಪರರ ಹಣ.

ಫೈನ್ ಮತ್ತು ಪೆನಾಲ್ಟಿ

ಕಲ್ಪಿತ ಠರಾವಿನ ಕೊನೆಯ ಪದ ಫೈನ್. ಆಡುಮಾತಿನಲ್ಲಿ ಎರಡೂ ದಂಡವೇ. ಕಾನೂನಿನ ಕನ್ನಡದಲ್ಲಿ ಫೈನ್‌ಗೆ ಜುಲ್ಮಾನೆ ಎಂಬ ಪದವಿದ್ದು, ಅದು ಅಪರಾಧ ಸಾಬೀತಾದ ಮೇಲೆ ನ್ಯಾಯಾಲಯ ವಿಧಿಸುವ ಶಿಕ್ಷೆ. ಪೆನಾಲ್ಟಿಯು ಕಾನೂನು ಅಥವಾ ಉಪವಿಧಿಯಲ್ಲಿ ಮೊದಲೇ ನಮೂದಾಗಿರುವ ತಪ್ಪಿಗೆ, ಅದರಲ್ಲೇ ಹೆಸರಿಸಿದ ಪ್ರಾಧಿಕಾರ ವಿಧಿಸುವ ದಂಡ. ಆದ್ದರಿಂದ ಕಸ ಎಸೆದವರಿಂದ 500 ರೂಪಾಯಿ ಪಡೆಯಬೇಕಾದರೆ ಕ್ರಮಬದ್ಧವಾಗಿ ಜಾರಿಗೆ ಬಂದ ಉಪವಿಧಿಯ ಆಧಾರ ಬೇಕು. ಜಾತ್ರೆಯ ಹಿಂದಿನ ದಿನ ಮಾಡಿದ ಠರಾವು ಸಾಲದು. ಶುಲ್ಕಕ್ಕೂ ದಂಡಕ್ಕೂ ಇರುವ ಅಂತರವನ್ನೂ ಇಲ್ಲಿ ಹೇಳಬೇಕು. ಶುಲ್ಕ ಕಟ್ಟಿದವನಿಗೆ ಆ ಕೆಲಸ ಮಾಡಲು ಅನುಮತಿ ದೊರೆಯುತ್ತದೆ. ದಂಡ ಕಟ್ಟಿದವನಿಗೆ ದೊರೆಯುವುದಿಲ್ಲ. ಪರವಾನಗಿಯಿಲ್ಲದೆ ಕಟ್ಟಿದ ಮನೆಯ ಮಾಲೀಕರು ದಂಡದ ರಸೀದಿಯನ್ನು ಪರವಾನಗಿಯೆಂದು ಬ್ಯಾಂಕಿಗೆ ತೋರಿಸುವುದಾಗಲಿ, ತೆರಿಗೆಯ ರಸೀದಿಯನ್ನು ಹಕ್ಕುಪತ್ರವೆಂದು ತಿಳಿಯುವುದಾಗಲಿ ಈ ಗೊಂದಲದ ಫಲವೇ.

ದಾಬಸ್‌ಪೇಟೆಯಂತಹ ಕಡೆ ಹೆದ್ದಾರಿಯ ಪಕ್ಕದ ಜಾಹೀರಾತು ಫಲಕಗಳ ಬಗ್ಗೆಯೂ ಪ್ರಶ್ನೆಗಳು ಏಳುವುದುಂಟು. ಜಾಹೀರಾತುಗಳ ಮೇಲಿನ ತೆರಿಗೆಗೆ ಆಧಾರವಾಗಿದ್ದ ರಾಜ್ಯ ಪಟ್ಟಿಯ 55ನೇ ನಮೂದೂ 101ನೇ ತಿದ್ದುಪಡಿಯಲ್ಲಿ ರದ್ದಾಗಿದೆ. ಮನರಂಜನಾ ತೆರಿಗೆಯು ಪಂಚಾಯಿತಿ, ನಗರಾಡಳಿತ ಮುಂತಾದ ಸ್ಥಳೀಯ ಸಂಸ್ಥೆಗಳು ವಿಧಿಸುವಷ್ಟರ ಮಟ್ಟಿಗೆ ಮಾತ್ರ 62ನೇ ನಮೂದಿನಲ್ಲಿ ಉಳಿದಿದೆ. ಹಳೆಯ ಠರಾವಿನ ಪದಗಳನ್ನು ನಕಲು ಮಾಡುವ ಮೊದಲು ತಾಲ್ಲೂಕು ಪಂಚಾಯಿತಿಯಿಂದ ಲಿಖಿತ ಅಭಿಪ್ರಾಯ ಪಡೆಯುವುದು ಸೂಕ್ತ.

ಮೇಲಿನ ಠರಾವನ್ನು ತಿದ್ದಿ ಬರೆದರೆ ಹೀಗಾಗಬಹುದು: "ಮಕರ ಸಂಕ್ರಾಂತಿಯ ಜಾತ್ರೆಯ ದಿನಗಳಲ್ಲಿ ಗ್ರಾಮ ಪಂಚಾಯಿತಿಯು ಕುಡಿಯುವ ನೀರು, ಶೌಚಾಲಯ ಹಾಗೂ ಸ್ವಚ್ಛತೆಯ ಏರ್ಪಾಡನ್ನು ಕೈಗೊಳ್ಳುವುದರಿಂದ, ಅಧಿನಿಯಮದ 199ನೇ ಪ್ರಕರಣದ ಪ್ರಕಾರ, ನಿಯಮಗಳು ನಿಗದಿಪಡಿಸಿದ ಗರಿಷ್ಠ ಮಿತಿಗೆ ಒಳಪಟ್ಟು, ಜಾತ್ರೆಗೆ ಬರುವವರಿಂದ ಯಾತ್ರಿಕರ ಶುಲ್ಕ, ಮಾರಾಟಗಾರರಿಂದ ಮಾರುಕಟ್ಟೆ ಶುಲ್ಕ, ಪಂಚಾಯಿತಿಯ ನಿಲುಗಡೆ ಜಾಗವನ್ನು ಬಳಸುವ ವಾಹನಗಳಿಂದ ನಿಲುಗಡೆ ಶುಲ್ಕ ಪಡೆಯಲು, ಪ್ರತಿಯೊಂದಕ್ಕೂ ಮುದ್ರಿತ ರಸೀದಿ ನೀಡಲು ಮತ್ತು ಜಾತ್ರೆಯ ಜಮಾ ಖರ್ಚನ್ನು ಪ್ರತ್ಯೇಕವಾಗಿ ಬರೆದು ಮುಂದಿನ ಸಭೆಯಲ್ಲಿ ಮಂಡಿಸಲು ತೀರ್ಮಾನಿಸಲಾಯಿತು." ಮೊತ್ತಗಳನ್ನು ಚಾಲ್ತಿಯಲ್ಲಿರುವ ನಿಯಮವನ್ನು ನೋಡಿ ತುಂಬಿಕೊಳ್ಳತಕ್ಕದ್ದು. ಹಿಂದಿನದಕ್ಕಿಂತ ಇದು ಉದ್ದವಾಗಿದೆ, ನಿಜ. ಆದರೆ ಭಕ್ತರೊಬ್ಬರು ಇದು ಯಾವ ದುಡ್ಡು ಎಂದು ಕೇಳಿದರೆ ರಸೀದಿ ಹರಿಯುವ ಸಿಬ್ಬಂದಿಯೂ ಓದಿ ಹೇಳಬಹುದು.

ಅಭ್ಯಾಸಕ್ಕಾಗಿ ನಗದು ಪುಸ್ತಕದ ಆರು ಬಾಬುಗಳನ್ನು ಇಲ್ಲಿ ಕೊಡಲಾಗಿದೆ. ಉತ್ತರವನ್ನು ನೋಡುವ ಮೊದಲು ಪ್ರತಿಯೊಂದಕ್ಕೂ ಹಣ ಯಾತಕ್ಕೆ, ಯಾರಿಗೆ ಎಂಬ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳುವುದು. ಹೋಟೆಲ್ ಕಟ್ಟಡದ ವಾರ್ಷಿಕ ವಸೂಲಿ. ಅದೇ ರಸೀದಿಯ ಗ್ರಂಥಾಲಯದ ಸಾಲು. ಗೋಮಾಳದಲ್ಲಿ ದನ ಮೇಯಿಸಿದ್ದಕ್ಕೆ ಪಡೆದ ಹಣ. ಸಂತೆ ಹರಾಜಿನಲ್ಲಿ ಭಾಗವಹಿಸಲು ಕಟ್ಟಿದ, ಸೋತವರಿಗೆ ಮರಳಿಸುವ ಮೊತ್ತ. ಪಂಚಾಯಿತಿ ಮಳಿಗೆಯ ತಿಂಗಳ ಹಣ. ನಲ್ಲಿ ನೀರಿಗೆ ಕಟ್ಟಿದ್ದು. ಕ್ರಮವಾಗಿ ಉತ್ತರಗಳು: ತೆರಿಗೆ, ಉಪಕರ, ಶುಲ್ಕ, ಠೇವಣಿ, ಬಾಡಿಗೆ, ದರ. ಐದನೆಯದರಲ್ಲಿ ಹೆಚ್ಚಿನವರು ಎಡವುತ್ತಾರೆ. ಮಳಿಗೆಯ ಹಣವನ್ನು ಅಂಗಡಿ ಟ್ಯಾಕ್ಸ್ ಎಂದು ಕರೆಯುವುದು ರೂಢಿಯಾಗಿದ್ದರೂ ಅದು ಕರಾರಿನಿಂದ ಬರುವ ಬಾಡಿಗೆ. ಬಾಕಿ ಉಳಿದಾಗ ಮೊದಲು ತೆಗೆದು ನೋಡಬೇಕಾದದ್ದು ತೆರಿಗೆ ವಹಿಯನ್ನಲ್ಲ, ಕರಾರು ಪತ್ರವನ್ನು.